ಒಂದೇ ಸೂರ್ಯನ ಕೊಟ್ರೇಶಣ್ಣ

ಹರಿಹರದ ಬಸ್ಸಿನಲ್ಲಿ ಒಬ್ಬರ ಕಿವಿಯನ್ನೇ ನೋಡುತ್ತ ನಿಂತದ್ದಕ್ಕೆ ಕೊಟ್ರೇಶಣ್ಣ ಒಮ್ಮೆ ಏಟು ತಿನ್ನುವುದರಲ್ಲಿದ್ದರು. ಬೆಳಗಿನ ಒಂಬತ್ತರ ಹೊತ್ತು. ಸೀಟು ಖಾಲಿ ಇದ್ದರೂ ಕೂರದೆ, ಡ್ರೈವರಿಗೆ ಬೆನ್ನು ಹಾಕಿ, ಕಂಬ ಹಿಡಿದು ನಿಂತಿದ್ದರು. ಹಿಂದಿನ ಕಿಟಕಿಯಿಂದ ಬಂದ ಬಿಸಿಲು ದಪ್ಪ ಮೀಸೆಯ ಗೃಹಸ್ಥರೊಬ್ಬರ ಕಿವಿಗೆ ಬಿದ್ದಿತ್ತು. ಆ ಮನುಷ್ಯ ಸ್ವಲ್ಪ ಹೊತ್ತು ಸಹಿಸಿಕೊಂಡು ಆಮೇಲೆ ಎದ್ದು ನಿಂತರು.

"ಏನ್ರೀ, ಆಗಿಂದ ನನ್ನೇ ಗುರಾಯಿಸ್ತಿದೀರಲ್ಲ?"

"ನಿಮ್ಮನ್ನಲ್ರಿ, ನಿಮ್ಮ ಕಿವೀನ. ಒಳಗೆ ದೀಪ ಹಚ್ಚಿದಂಗೆ ಐತೆ. ಏಳಬ್ಯಾಡ್ರಿ, ಕೂಡ್ರಿ, ಬೆಳಕು ತಪ್ಪಿಹೋಗತ್ತೆ!"

ಕಂಡಕ್ಟರ್ ನಡುವೆ ಬಂದು ಬಿಡಿಸಿದ. ಮೂರು ಸೀಟು ಹಿಂದೆ ಕೂತಿದ್ದ ನಾನು ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ಕಿಟಕಿಯಾಚೆ ನೋಡುತ್ತಿದ್ದೆ. ಹರಿಹರದಲ್ಲಿ ಇಳಿದಾಗ ಕೊಟ್ರೇಶಣ್ಣನಿಗೆ ಅವಮಾನವಾದ ಗುರುತೇ ಇರಲಿಲ್ಲ. ಅಂಗೈಯಲ್ಲಿ ಬಾಲ್‌ಪೆನ್ನಿನಿಂದ ಒಂದು ಕಿವಿ ಗೀಚಿಕೊಂಡಿದ್ದರು. "ನೋಡ್ರಿ ವೀಣಾ, ಚರ್ಮ ಅಂದ್ರೆ ಗ್ವಾಡೆ ಅಲ್ಲ. ಬೆಳಕು ಒಳಗೆ ಹೋಗಿ, ರಕ್ತದಾಗೆ ಅಡ್ಡಾಡಿ, ಕೆಂಪಾಗಿ ಹೊರಗೆ ಬರ್ತೈತೆ. ನೀವು ನೆರಳಿಗೆ ಬರೇ ಕಪ್ಪು ಹಾಕ್ತೀರಿ. ಅದಕ್ಕೇ ನಿಮ್ಮ ಚಿತ್ರದಾಗಿನ ಮಂದಿ ಎಲ್ಲಾ ಸತ್ತಂಗೆ ಕಾಣ್ತಾರೆ."

ಕೊಟ್ರೇಶಣ್ಣ ಡಿಜಿಟಲ್ ಚಿತ್ರಗಾರರು. ಮೊಬೈಲ್ ಆಟಗಳಿಗೂ ಮಕ್ಕಳ ಪುಸ್ತಕಗಳಿಗೂ ಪಾತ್ರಗಳ ಚಿತ್ರ ಬರೆದುಕೊಡುತ್ತಿದ್ದರು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಾಲಿಶ್ ಆಗಿ ಬಂದ ಉಕ್ಕಿನ ತುಂಡುಗಳನ್ನು ತಪಾಸಣೆ ಮಾಡುವುದು ಅವರ ಕೆಲಸವಾಗಿತ್ತು. ಟ್ಯೂಬ್‌ಲೈಟಿನ ಕೆಳಗೆ ತುಂಡನ್ನು ನಿಧಾನವಾಗಿ ತಿರುಗಿಸುವುದು. ಬೆಳಕಿನ ಗೆರೆ ಎಲ್ಲಿ ಮುರಿಯಿತೋ ಅಲ್ಲಿ ಗೀರು ಇದೆ ಎಂದು ಸೀಮೆಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುವುದು. ಕಾರ್ಖಾನೆ ಮುಚ್ಚಿತು. ಮಗಳು ಮದುವೆಯಾಗಿ ರಾಣೆಬೆನ್ನೂರಿಗೆ ಹೋಗುವಾಗ ತನ್ನ ಹಳೆಯ ಚಿತ್ರದ ಟ್ಯಾಬ್ಲೆಟ್ಟನ್ನು ಮನೆಯಲ್ಲೇ ಬಿಟ್ಟುಹೋದಳು. ನಲವತ್ತೈದು ದಾಟಿದ ಮನುಷ್ಯ ಬೇಸರ ಕಳೆಯಲೆಂದು ಅದರ ಮೇಲೆ ಮೊದಲು ಬರೆದದ್ದು ಒಂದು ಬೇರಿಂಗ್. ಆ ಚಿತ್ರವನ್ನು ನಾನು ನೋಡಿದ್ದೇನೆ. ಕೈಚಾಚಿ ಎತ್ತಿಕೊಳ್ಳಬೇಕು ಅನಿಸುತ್ತದೆ.

ನಾನು ಅವರ ಹತ್ತಿರ ಸೇರಿದ್ದು ಕಲಿಯುವ ಆಸೆಯಿಂದೇನೂ ಅಲ್ಲ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಎರಡು ವರ್ಷ ದಾವಣಗೆರೆಯ ಒಂದು ಫೋಟೊ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ಮುಗಳ ಮುಖ ನುಣುಪು ಮಾಡುತ್ತ ಕೂತಿದ್ದೆ. ಮದುಮಗಳ ಮೊಡವೆ, ಬೀಗರ ಸುಕ್ಕು, ಎಲ್ಲವನ್ನೂ ಮೃದು ಬ್ರಷ್ಷಿನಲ್ಲಿ ಸವರಿ ಸವರಿ ಕೈಗೆ ಅದೇ ರೂಢಿಯಾಗಿತ್ತು. ಎಲ್ಲಿಯಾದರೂ ಬೇರೆ ಕಡೆ ಹೋಗಬೇಕು ಅನಿಸುತ್ತಿತ್ತು; ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಸಹಾಯಕ್ಕೆ ಜನ ಬೇಕು ಅಂತ ಯಾರೋ ಹೇಳಿದರೆಂದು ಹರಿಹರಕ್ಕೆ ಹೋದೆ. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಗಿರಣಿ ಶುರುವಾದರೆ ಮೇಜು ನಡುಗುತ್ತಿತ್ತು. ಕೊಟ್ರೇಶಣ್ಣ ನನ್ನ ಚಿತ್ರಗಳನ್ನು ಕಿಟಕಿ ಹತ್ತಿರ ಒಂದು, ಬಾಗಿಲ ಹತ್ತಿರ ಒಂದು, ಮೆಟ್ಟಿಲ ಮೇಲೆ ನಿಂತು ಒಂದು ನೋಡಿದರು.

"ಎಲ್ಲಾ ಕಡೆ ಬೆಣ್ಣೆ ಸವರೀರಿ. ಇದೇನು ದೋಸೆನಾ? ಎಲುಬು ಎಲ್ಲೈತ್ರಿ ಇದಕ್ಕೆ?"

"ನುಣುಪಾಗಿದ್ರೆ ಚೆನ್ನಾಗಿ ಕಾಣಲ್ವಾ ಸಾರ್?"

"ನುಣುಪು ಕಡೀಗೆ ಬರಬೇಕ್ರಿ. ಮೊದಲು ಬೆಳಕು ಎಲ್ಲಿಂದ ಬರ್ತೈತೆ ಹೇಳ್ರಿ. ಸೂರ್ಯ ಒಂದೇ. ಮೂಗಿಗೊಂದು, ಗದ್ದಕ್ಕೊಂದು ಸೂರ್ಯ ಇಡಂಗಿಲ್ಲ."

ಮರುದಿನದಿಂದಲೇ ಬನ್ನಿ ಎಂದರು.

ಅವರ ಕೆಲಸದ ರೀತಿ ನೋಡುವವರಿಗೆ ತಲೆಸುತ್ತು. ಹತ್ತು ನಿಮಿಷ ಕೂತರೆ ಹೆಚ್ಚು. ಒಂದು ಗೆರೆ ಎಳೆದು ಎದ್ದು ಕೋಣೆಯ ಆ ಮೂಲೆಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡುವುದು. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಾಡುವುದು. ಬಣ್ಣ ತೆಗೆದು ಬರೀ ಕಪ್ಪು ಬಿಳುಪು ಮಾಡುವುದು. "ಬಣ್ಣ ಸುಳ್ಳು ಹೇಳ್ತೈತೆ. ಕಪ್ಪು ಬಿಳುಪಿನಾಗೆ ಮೂಗು ಎದ್ದು ನಿಂತ್ರೆ ಸೈ." ಆಮೇಲೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಧಡಧಡ ಮೆಟ್ಟಿಲಿಳಿದು ಹೋಗುವುದು. ತುಂಗಭದ್ರೆಯ ಸೇತುವೆಯ ತನಕವೋ, ಹರಿಹರೇಶ್ವರನ ಗುಡಿಯ ತನಕವೋ. ಗುಡಿಗೆ ಹೋದರೆ ದೇವರಿಗಿಂತ ಹೆಚ್ಚು ಹೊತ್ತು ಕಡೆದ ಕಂಬಗಳ ಮುಂದೆ ನಿಲ್ಲುತ್ತಿದ್ದರು. ನುಣುಪಾದ ದುಂಡು ಕಲ್ಲಿನ ಮೇಲೆ ಬಾಗಿಲ ಬೆಳಕು ಎಷ್ಟು ಸಣ್ಣ ಗೆರೆಯಾಗಿ ಬೀಳುತ್ತದೆ, ಪಕ್ಕದವರ ಕೆಂಪು ಸೀರೆ ಅದರ ನೆರಳ ಬದಿಗೆ ಹೇಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ ಅಂತ ನನಗೆ ತೋರಿಸಿದ್ದು ಅಲ್ಲಿಯೇ. ನಾನು ಗಲ್ಲದ ಕೆಳಗೆ ಅಂಗಿಯ ಬಣ್ಣವನ್ನು ಒಂದಿಷ್ಟು ಬೆರೆಸಲು ಕಲಿತದ್ದು ಆ ಕಂಬದಿಂದ.

ಟ್ಯಾಬ್ಲೆಟ್ಟಿನಲ್ಲಿ ಗೆರೆ, ಬಣ್ಣ, ನೆರಳು ಒಂದೊಂದನ್ನೂ ಬೇರೆ ಬೇರೆ ಪದರವಾಗಿ ಇಟ್ಟುಕೊಂಡರೆ ತಿದ್ದುವುದು ಸುಲಭ. ಎಲ್ಲರೂ ಹಾಗೇ ಮಾಡುತ್ತಾರೆ. ಅವರು ಮಾಡುತ್ತಿರಲಿಲ್ಲ. ಒಂದು ಹಂತ ಮುಗಿದ ಕೂಡಲೇ ಎಲ್ಲ ಪದರಗಳನ್ನೂ ಕೂಡಿಸಿ ಒಂದೇ ಮಾಡಿಬಿಡುತ್ತಿದ್ದರು. ಯಾಕೆ ಎಂದರೆ, "ಹಿಂದಕ್ಕೆ ಹೋಗಾಕೆ ದಾರಿ ಇದ್ರೆ ನಾನು ಮುಂದಕ್ಕೆ ಹೋಗಂಗಿಲ್ರಿ" ಎನ್ನುತ್ತಿದ್ದರು.

ನಾನು ಸೇರಿದ ಎರಡನೆಯ ವರ್ಷ ಹುಬ್ಬಳ್ಳಿಯ ಒಂದು ಹೊಸ ಕಂಪನಿ ಮಕ್ಕಳ ಆಟವೊಂದಕ್ಕೆ ಹನ್ನೆರಡು ಪಾತ್ರ ಕೇಳಿತು. ನಮ್ಮ ಸೀಮೆಯ ಪೇಟೆಯಲ್ಲಿ ದುಡಿಯುವ ಹನ್ನೆರಡು ಮಂದಿ. ಕುಸ್ತಿ ಕಲಿಸುವ ಉಸ್ತಾದ್, ಕುದುರೆಗೆ ಲಾಳ ಕಟ್ಟುವವನು, ಮಂಡಕ್ಕಿ ಭಟ್ಟಿಯ ಹೆಂಗಸು, ಬಳೆಗಾರ್ತಿ, ಹೀಗೆ. ಕೊಟ್ರೇಶಣ್ಣ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಖುಷಿಯಾದರೆ ಅವರ ಓಡಾಟ ಇನ್ನೂ ಹೆಚ್ಚು. ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಲೇ ಉಂಡುಬಿಡುತ್ತಿದ್ದರು.

ಮಂಡಕ್ಕಿಯ ಹೆಂಗಸಿಗಾಗಿ ನನ್ನನ್ನು ದಾವಣಗೆರೆಯ ಭಟ್ಟಿಗೆ ಕರೆದುಕೊಂಡು ಹೋದರು. ಹೊಟ್ಟಿನ ಬೆಂಕಿ, ಕಬ್ಬಿಣದ ದೊಡ್ಡ ಬಾಣಲೆ, ಕಣ್ಣುರಿಸುವ ಹೊಗೆ. ಅಲ್ಲಿ ಹಾಲಮ್ಮ ಎಂಬ ಹೆಂಗಸು ಅಕ್ಕಿ ತಿರುವುತ್ತಿದ್ದಳು. ಕೊಟ್ರೇಶಣ್ಣ ಅವಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ ಬಗ್ಗಿ ಬಗ್ಗಿ ನೋಡಿದರು.

"ಏನ್ ನೋಡ್ತೀಯಪ್ಪಾ ನನ್ನ ಮುಖದಾಗೆ? ಮಸಿ ಬಿಟ್ರೆ ಏನೈತೆ?" ಎಂದಳು ಹಾಲಮ್ಮ.

"ಬೆಳಕು ಕೆಳಗಿಂದ ಬರಾಕತ್ತೈತಮ್ಮಾ. ಹುಬ್ಬಿನ ಮ್ಯಾಲೆ ನೆರಳು, ಗದ್ದದ ಅಡಿಗೆ ಬೆಳಕು. ಎಲ್ಲಾರ್ದೂ ಉಲ್ಟಾ ಐತೆ ನಿಂದು. ನಿನ್ನ ಚಿತ್ರ ಬರೀಲೇನು?"

"ಬರಿ. ಬೆಳ್ಳಗೆ ಮಾಡಿದ್ರೆ ಮಾತ್ರ ಬೈತೀನಿ. ಎರಡು ವರ್ಷದ ಹಿಂದೆ ತಮ್ಮನ ಮದುವ್ಯಾಗೆ ಫೋಟೊದವ್ರು ನನ್ನ ಸುಣ್ಣ ಹೊಡೆದಂಗೆ ಮಾಡಿಟ್ಟಿದಾರೆ. ನಮ್ಮವ್ವಗೇ ಗುರ್ತು ಸಿಗಲಿಲ್ಲ."

ಆ ಆಲ್ಬಮ್ ನಾನು ಮೊದಲಿದ್ದ ಸ್ಟುಡಿಯೋದ್ದೇ ಇರಬಹುದು. ಮೂರು ವಾರದ ನಂತರ ಕೊಟ್ರೇಶಣ್ಣ ಮುಗಿಸಿದ ಹಾಲಮ್ಮನ ಚಿತ್ರದಲ್ಲಿ ಕಪ್ಪು ಚರ್ಮದ ಮೇಲೆ ಬೆಂಕಿ ಕಿತ್ತಳೆಯಾಗಿ ಹರಿದಿತ್ತು, ಅದರ ಅಂಚಿಗೆ ಹೊಗೆಗಿಂಡಿಯಿಂದ ಇಳಿದ ತೆಳುನೀಲಿಯ ಒಂದು ಎಳೆ. ಬೆವರಿನ ಹನಿಗೆ ಚುಕ್ಕೆಯಷ್ಟೇ ಬಿಳುಪು. ಕಣ್ಣು, ತುಟಿಯ ಅಂಚು ಚೂಪು; ಕಿವಿ, ಸೆರಗು ಹೊಗೆಯಲ್ಲಿ ಕರಗಿದಂತೆ. ಎಲ್ಲವನ್ನೂ ಪಾಲಿಶ್ ಮಾಡಿದರೆ ನೋಡುವವನ ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವುದು ಅವರ ವಾದ.

ಒಂಬತ್ತನೆಯದು ಬಳೆಗಾರ್ತಿ. ಮುಖ ಬರೆಯುವುದು ಅವರ ಪಾಲು; ಕೈ, ಬಳೆ ನನ್ನ ಪಾಲು. ಎರಡು ಕೈಗೆ ಮೊಣಕೈವರೆಗೆ ಗಾಜಿನ ಬಳೆ. ಒಂದೊಂದಕ್ಕೂ ಒಳಹೊಕ್ಕ ಬೆಳಕು, ಹೊರಚಿಮ್ಮಿದ ಬೆಳಕು, ಚರ್ಮದ ಮೇಲೆ ಬಿದ್ದ ಬಣ್ಣದ ನೆರಳು ಬೇಕು. ನಾಲ್ಕು ದಿನದ ಕೆಲಸ. ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥವಿತ್ತು. ನನ್ನ ಹತ್ತಿರ ಇದ್ದದ್ದು ಒಂದು ದಿನ. ಆರು ಬಳೆ ಬರೆದು, ಅಳಿಸಿ, ಮತ್ತೆ ಬರೆದೆ. ಮಧ್ಯಾಹ್ನ ಕೊಟ್ರೇಶಣ್ಣ ಸೇತುವೆಯ ಕಡೆ ಹೋಗಿದ್ದಾಗ ಇಂಟರ್ನೆಟ್ಟಿನಲ್ಲಿ ಕೇಳಿದ್ದನ್ನು ತಾನೇ ಬರೆದುಕೊಡುವ ಒಂದು ಎಐ ತಾಣ ತೆರೆದೆ. ಬಳೆ ತೊಟ್ಟ ಕೈ ಬೇಕು ಎಂದೆ. ಅರ್ಧ ನಿಮಿಷದಲ್ಲಿ ಹೊಳೆಹೊಳೆಯುವ ಎರಡು ಕೈ ಬಂದವು. ಕತ್ತರಿಸಿ ಅಂಟಿಸಿ, ಮೇಲೆ ಒಂದು ಪದರ ಬಣ್ಣ ಸವರಿ, ಕೂಡಿಸಿಬಿಟ್ಟೆ.

ಅವರು ಬಂದರು. ಬಾಗಿಲಲ್ಲೇ ನಿಂತು ನೋಡಿದರು. ಹುಬ್ಬು ಎತ್ತಿದರು.

"ಬಳಿ ಭಾಳ ಚಲೋ ಬಂದಾವ್ರಿ ವೀಣಾ."

ಒಂದೂವರೆ ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮೆಚ್ಚುಗೆಯ ಮಾತು ಅದು. ನಾನು ನಕ್ಕೆ. ಸಾರಥಿಗೆ ಹೋಗಿ ನಿಶ್ಚಿತಾರ್ಥದ ಊಟ ಉಂಡೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ; ಎರಡು ತಿಂದೆ. ಆದರೆ ಆ ದಿನದಿಂದ ಅವರ ಮುಂದೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಯಾರ ಫೋನು ಬಂದರೂ ಹುಬ್ಬಳ್ಳಿಯದೇ ಇರಬೇಕೆಂದು ತಿರುಗಿ ನೋಡುತ್ತಿದ್ದೆ.

ಹನ್ನೆರಡೂ ಹುಬ್ಬಳ್ಳಿಗೆ ಹೋದ ಮೇಲೆ ಕಂಪನಿಯಲ್ಲಿ ಚಿತ್ರಗಳ ಜವಾಬ್ದಾರಿ ಹೊತ್ತಿದ್ದ ಮೇಘನಾ ಎಂಬವರು ಫೋನು ಮಾಡಿದರು. ಚಿತ್ರಗಳು ಕೈಯಿಂದ ಮಾಡಿದವೇ ಎಂಬ ಅನುಮಾನ ಅವರ ಕಡೆಯವರಿಗೆ. ಇಷ್ಟು ಪಾಲಿಶ್ ಆದ ಕೆಲಸ ಹರಿಹರದ ಒಂದು ಕೋಣೆಯಿಂದ ಬರುವುದು ಹೇಗೆ? ಪದರಗಳಿರುವ ಫೈಲು ಕಳಿಸಿ ಎಂದರು. ನಮ್ಮಲ್ಲಿ ಪದರಗಳೇ ಇಲ್ಲ. ಹಾಗಾದರೆ ವಿಡಿಯೋ ಕರೆಯಲ್ಲಿ ನಮ್ಮೆದುರು ಬರೆದು ತೋರಿಸಿ ಎಂದರು.

"ತೋರಿಸ್ತೀನಿ" ಎಂದರು ಕೊಟ್ರೇಶಣ್ಣ.

ಬೆಳಿಗ್ಗೆ ಹನ್ನೊಂದಕ್ಕೆ ಕರೆ. ಆ ಮನುಷ್ಯ ಎರಡು ಗಂಟೆ ಹತ್ತು ನಿಮಿಷ ಕುರ್ಚಿ ಬಿಟ್ಟು ಏಳಲಿಲ್ಲ. ಕ್ಯಾಮೆರಾದಿಂದ ಎದ್ದುಹೋದರೆ ಏನೋ ಮೋಸ ಅಂದುಕೊಂಡಾರು ಎಂದು ಹೆದರಿದ್ದರು. ಮೇಜಿನ ಕೆಳಗೆ ಅವರ ಎರಡೂ ಕಾಲು ತಟತಟನೆ ಕುಣಿಯುತ್ತಿದ್ದವು. ಅದು ನನಗೆ ಮಾತ್ರ ಕಾಣುತ್ತಿತ್ತು. ಹಾಲಮ್ಮನ ಮುಖವನ್ನು ಖಾಲಿ ಹಾಳೆಯಿಂದ ಮತ್ತೆ ಬರೆದರು. ಮೊದಲು ಚಪ್ಪಟೆ ಕಂದು ಬಣ್ಣ. ಅದರ ಮೇಲೆ ನೆರಳಿನ ದೊಡ್ಡ ತುಂಡುಗಳು, ಕತ್ತರಿಸಿಟ್ಟ ಕಾಗದದ ಹಾಗೆ. ಆಮೇಲೆ ಮೂಳೆ ತಿರುಗುವಲ್ಲಿ ಮಾತ್ರ ಆ ಅಂಚನ್ನು ಮೆದು ಮಾಡಿದರು. ಬೆಂಕಿಯ ಬಣ್ಣ ಕೆಳಗಿನಿಂದ ಏರಿತು. ಕೊನೆಗೆ ಕಣ್ಣಿನಲ್ಲಿ ಒಂದು ಚುಕ್ಕೆ ಇಟ್ಟಾಗ ಪರದೆಯ ಆಚೆಯಿದ್ದ ನಾಲ್ಕು ಜನರೂ ಮುಂದಕ್ಕೆ ಬಾಗಿದರು.

"ಸಾರ್, ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸ್ರಿ" ಎಂದರು ಮೇಘನಾ. ಕೊಟ್ರೇಶಣ್ಣ ನಿಟ್ಟುಸಿರು ಬಿಟ್ಟು ನನ್ನ ಕಡೆ ನೋಡಿ ನಕ್ಕರು. ಆಗ ಆಕೆ ಅಂದರು, "ಬಳೆಗಾರ್ತಿದು ಒಂದು ಮಾತ್ರ ತಿಳೀವಲ್ದು. ಎಡಗೈ ಸ್ವಲ್ಪ ದೊಡ್ಡದು ಮಾಡಿ ನೋಡ್ರಿ. ಒಂದು ಬಳಿ ಇನ್ನೊಂದರ ಒಳಗ ಹೊಕ್ಕೈತಿ. ಮತ್ತ ಒಂದೊಂದು ಬಳಿ ಮ್ಯಾಲೂ ಬೆಳಕು ಒಂದೊಂದು ದಿಕ್ಕಿನಿಂದ ಬಂದೈತಲ್ರಿ?"

ಕೊಟ್ರೇಶಣ್ಣ ದೊಡ್ಡದು ಮಾಡಿದರು. ನೋಡಿದರು. ಉಕ್ಕಿನ ತುಂಡು ತಿರುಗಿಸುವಂತೆ ತಲೆಯನ್ನು ಆಚೆ ಈಚೆ ಓಲಿಸಿ ನೋಡಿದರು. ಅವರ ಕಾಲಿನ ಕುಣಿತ ನಿಂತಿತು.

"ನೋಡಿ ಹೇಳ್ತೀನ್ರಿ" ಎಂದು ಕರೆ ಮುಗಿಸಿದರು.

ಅವರು ಕೇಳುವ ಮೊದಲೇ ಹೇಳಿದೆ. ಹೇಳುವಾಗ ಗಿರಣಿ ಶುರುವಾಯಿತು. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಅವರು ಚಪ್ಪಲಿ ಮೆಟ್ಟಿಕೊಂಡು ಇಳಿದರು. ನಾನೂ ಹಿಂದೆಯೇ ಹೋದೆ. ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಲಾರಿಗಳು ಹಾಯುತ್ತಿದ್ದವು. ನೆತ್ತಿಯ ಮೇಲೆ ಬಿಸಿಲು. ಮೂರನೆಯ ಸುತ್ತಿನಲ್ಲಿ ಗಕ್ಕನೆ ನಿಂತರು.

"ಚಲೋ ಬಂದಾವ ಅಂದೆನಲ್ಲ. ಅವಾಗಾದ್ರೂ ಹೇಳಬಾರದೇನ್ರಿ?"

"ನೀವು ಬೈತಿದ್ರಿ ಸಾರ್."

"ಬೈತಿದ್ದೆ. ಬೈದು ಆದಮ್ಯಾಲೆ ಇಬ್ರೂ ಕೂತು ಮಾಡ್ತಿದ್ವಿ."

ನನಗೆ ಅಳು ಬಂತು. ಅವರು ಅದನ್ನು ನೋಡಲಿಲ್ಲ. "ನಂಗೆ ಹೆದರಿಕೆ ಆಗಿದ್ದು ಅದಕ್ಕಲ್ಲ" ಎಂದರು. "ಇಪ್ಪತ್ತು ವರ್ಷ ಗೀರು ಹುಡುಕಿದ ಕಣ್ಣು ಇವು. ಬಾಗಿಲದಾಗೆ ನಿಂತು ನೋಡಿ ಹೋದೆ. ಒಂದು ನಿಮಿಷ ನಿಲ್ಲಲಿಲ್ಲ. ನಿಂತಿದ್ರೆ ಕಾಣ್ತಿತ್ತು."

ಅಲ್ಲೇ ನಿಂತು ಫೋನು ಮಾಡಿದರು. ಹನ್ನೆರಡರಲ್ಲಿ ಒಂದು ಚಿತ್ರದ ಕೈ ನಮ್ಮದಲ್ಲ, ಎಐ ತಾಣದಿಂದ ತಂದದ್ದು. ಉಳಿದ ಹನ್ನೊಂದು ನಮ್ಮವು ಎಂದರು. ಯಾರು ಮಾಡಿದ್ದು ಅಂತ ಆ ಕಡೆಯಿಂದ ಕೇಳಿರಬೇಕು. "ನನ್ನ ಕೋಣ್ಯಾಗೆ ಆಗಿದ್ದು. ನನ್ನ ಹೆಸರಿಗೇ ಬರಕೊಳ್ರಿ" ಎಂದರು. ಆಮೇಲೆ ಸುಮಾರು ಹೊತ್ತು ಕೇಳಿಸಿಕೊಂಡರು. ನೀವೇ ಹೇಳದಿದ್ದರೆ ಒಂದು ಕೈ ತಿದ್ದಿಸಿಕೊಂಡು ಸುಮ್ಮನಾಗುತ್ತಿದ್ದೆ, ಈಗ ಮೇಲಿನವರಿಗೆ ತಿಳಿಸದೆ ವಿಧಿಯಿಲ್ಲ ಎಂದು ಮೇಘನಾ ಹೇಳಿದರಂತೆ. ಮೂರು ದಿನಕ್ಕೆ ಪತ್ರ ಬಂತು. ಹನ್ನೆರಡನ್ನೂ ಕೈಬಿಟ್ಟಿದ್ದರು. ಹಾಲಮ್ಮನನ್ನೂ.

ಅವರು ನನ್ನನ್ನು ಹೋಗು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ. ಪೇಟೆಗೆ ಹೋಗಿ ಹಸಿರು ಗಾಜಿನ ಬಳೆ ತಂದು ಕಿಟಕಿಯಲ್ಲಿಟ್ಟರು. ಮೊದಲು ಒಂದೇ ಬಳೆ ಬರೆಸಿದರು. ಬೆಳಕು ಬೀಳುವ ಬದಿ ಗಾಜು ಕಪ್ಪಾಗಿ, ಅದರ ಎದುರು ಬದಿ ಒಳಗಿನಿಂದ ಬೆಳಗುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಆಮೇಲೆ ಎರಡು. ಎರಡು ಬಳೆ ತಾಗುವಲ್ಲಿ ಕೂದಲೆಳೆಯ ಕತ್ತಲೆ. ಆಮೇಲೆ ಐದು. ಯಾರಿಗೂ ಬೇಡವಾದ ಆ ಎರಡು ಕೈ ಮುಗಿಯಲು ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನವೂ ಅವರು ಬಾಗಿಲಿನಿಂದ ನೋಡಿ ಹೋಗಲಿಲ್ಲ. ನನ್ನ ಬೆನ್ನ ಹಿಂದೆ ನಿಂತು, ಕಾಲು ಬದಲಿಸುತ್ತ, ಮೂಗಿನಿಂದ ಜೋರಾಗಿ ಉಸಿರು ಬಿಡುತ್ತ ನೋಡಿದರು. ಮುಗಿದಾಗ "ಹೂಂ" ಎಂದರು.

ಆದರೆ ಅವರ ಮನಸ್ಸು ಆ ಕೋಣೆಯಲ್ಲಿ ನಿಲ್ಲಲಿಲ್ಲ. ಸಣ್ಣಪುಟ್ಟ ಕೆಲಸ ಬರುತ್ತಿತ್ತು, ಪ್ರತಿಯೊಂದಕ್ಕೂ ಇದು ಕೈಯಿಂದ ಮಾಡಿದ್ದಾ ಎಂಬ ಪ್ರಶ್ನೆ ಬರುತ್ತಿತ್ತು. ಪ್ರಶ್ನೆ ಬಂದಾಗಲೆಲ್ಲ ಎದ್ದುಹೋಗುತ್ತಿದ್ದರು, ಬರುವುದು ತಡವಾಗುತ್ತಿತ್ತು. ಒಂದು ಬೆಳಿಗ್ಗೆ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ದಾವಣಗೆರ್ಯಾಗೆ ನಾಟಕದ ಕಂಪನಿ ಬಂದೈತೆ. ಮುಖಕ್ಕೆ ಬಣ್ಣ ಹಚ್ಚೋರು ಬೇಕಂತೆ. ಬರ್ತೀನ್ರಿ" ಎಂದರು. ಟ್ಯಾಬ್ಲೆಟ್ಟನ್ನೂ ಬಿಟ್ಟುಹೋದರು. ನಾನು ಏನಾದರೂ ಹೇಳುವಷ್ಟರಲ್ಲಿ ಮೆಟ್ಟಿಲ ಸದ್ದು ಕೆಳಗೆ ಮುಟ್ಟಿತ್ತು.

ಎರಡು ತಿಂಗಳು ಬಿಟ್ಟು ನೋಡಲು ಹೋದೆ. ಮಧ್ಯಾಹ್ನದ ಆಟ ಮುಗಿದು ಸಂಜೆಯದಕ್ಕೆ ಇನ್ನೂ ಹೊತ್ತಿತ್ತು. ತಗಡಿನ ಶೆಡ್ಡಿನ ಹಿಂದೆ ಬಣ್ಣದ ಕೋಣೆ. ಮೊಣಕೈವರೆಗೆ ಬಣ್ಣ ಮೆತ್ತಿಕೊಂಡಿದ್ದರು; ಸ್ವಲ್ಪ ದಪ್ಪಗಾಗಿದ್ದರು. ನನ್ನನ್ನು ಕಂಡು ಆಶ್ಚರ್ಯವನ್ನೇನೂ ತೋರಿಸದೆ, "ಚಲೋ ಆತು ಬಂದಿದ್ದು. ಕೂಡ್ರಿ. ಮುದುಕಿ ಪಾತ್ರದ್ದು ಒಂದು ನೋಡಬೇಕಿತ್ತು" ಎಂದರು.

ಕೂತೆ. ಗದ್ದ ಹಿಡಿದು ಬಲ್ಬಿನ ಕಡೆ ತಿರುಗಿಸಿದರು. ಹೆಬ್ಬೆರಳಿನಿಂದ ನನ್ನ ಕೆನ್ನೆಯ ಮೂಳೆ ಒತ್ತಿ ನೋಡಿ, ಅದರ ಕೆಳಗೆ ಕಂದು ಎಳೆದರು. ನಾನು ಕ್ಷಮೆ ಕೇಳಬೇಕೆಂದುಕೊಂಡು ಬಂದಿದ್ದೆ. ತುಟಿ ಅಲ್ಲಾಡಿಸಿದರೆ "ಮಾತಾಡಬ್ಯಾಡ್ರಿ" ಎನ್ನುತ್ತಿದ್ದರು. ಎಡಗಡೆಯ ಅರ್ಧ ಮುಖ ಮುಗಿದಿತ್ತು. ಹೊರಗಿನಿಂದ ಯಾರೋ, "ಕೊಟ್ರೇಶಪ್ಪಾರೇ, ರಾಜನ ಮೀಸೆ ಕಿತ್ತೈತ್ರಿ!" ಎಂದು ಕೂಗಿದರು. "ಬಂದೆ" ಎಂದು ಎದ್ದವರು ಬಾಗಿಲಲ್ಲಿ ತಿರುಗಿ ನನ್ನ ಮುಖವನ್ನು ಒಂದು ನಿಮಿಷ, ಪೂರಾ ಒಂದು ನಿಮಿಷ, ನಿಂತು ನೋಡಿದರು. ಆಮೇಲೆ ಹೋದರು. ಸಂಜೆಯ ಆಟದ ಮೊದಲನೆಯ ಗಂಟೆ ಹೊಡೆಯಿತು, ಎರಡನೆಯದೂ ಹೊಡೆಯಿತು. ಅವರು ಬರಲಿಲ್ಲ.

ಮುಖಕ್ಕೆ ಸೆರಗು ಎಳೆದುಕೊಂಡು ಆಟೋ ಹಿಡಿದು ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂದೆ. ಬಾಗಿಲು ತೆಗೆದ ಅಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ತೋಳು ಹಿಡಿದು ಕಿಟಕಿಯ ಬೆಳಕಿಗೆ ನಿಲ್ಲಿಸಿದಳು.

"ಯಾರೇ ಮಾಡಿದ್ದು ಇದನ್ನ?"

"ಕೊಟ್ರೇಶಣ್ಣ."

"ನಮ್ಮವ್ವನ್ನ ಅವರು ಎಲ್ಲಿ ನೋಡಿದ್ರು?"

ಲೋಕಿಕೆರೆಯ ನಮ್ಮಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇಲ್ಲ. ನೋಡಿಲ್ಲಮ್ಮಾ ಎಂದೆ. ಅಮ್ಮ ನಂಬಲಿಲ್ಲ. ಎಣ್ಣೆ ಹಚ್ಚಿ ಒರೆಸಲು ಹೋದರೆ ಕೈ ಹಿಡಿದಳು. "ಇರಲಿ ತಡಿ, ಇನ್ನೊಂಚೂರು ಇರಲಿ" ಎಂದು ನನ್ನ ಎಡಕ್ಕೆ ಬಂದು ಕೂತಳು.

ಮುಂದಿನ ವಾರ ಅವರಿಗೆ ಇದನ್ನು ಹೇಳೋಣವೆಂದು ಹೋದೆ. ಕಂಪನಿ ಊರು ಬಿಟ್ಟಿತ್ತು. ಮೈದಾನದಲ್ಲಿ ಇಬ್ಬರು ಉಳಿದ ತಗಡುಗಳನ್ನು ಲಾರಿಗೆ ಏರಿಸುತ್ತಿದ್ದರು. ಮುಂದಿನ ಕ್ಯಾಂಪು ಎಲ್ಲಿ ಎಂದು ಕೇಳಿದೆ. ಒಬ್ಬ ಇಳಕಲ್ ಎಂದ. ಇನ್ನೊಬ್ಬ, ಅಲ್ಲ, ಗದಗ ಎಂದ.